ಮಯಲಿನ್ ಹೊದಿಕೆಯಲ್ಲಿ ಬೆಳಕು: ಒಂದು ತಪ್ಪು ಲೆಕ್ಕ, ಒಂದು ಸಲೈನ್ ನಳಿಕೆ

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ನರಕೋಶದ ಕ್ವಾಂಟಂ ಮಾದರಿಗಳು ಎಂದೂ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಬೆಚ್ಚಗಿನ ಮಿದುಳಿನಲ್ಲಿ ಕ್ವಾಂಟಂ ಸ್ಥಿತಿಗಳು ಹೆಚ್ಚೆಂದರೆ 10⁻¹³ ಸೆಕೆಂಡಿನಷ್ಟರಲ್ಲಿ ಚದುರಿಹೋಗುತ್ತವೆ ಎಂದು ಭೌತವಿಜ್ಞಾನಿ ಮ್ಯಾಕ್ಸ್ ಟೆಗ್ಮಾರ್ಕ್ 2000ರಲ್ಲಿ ಲೆಕ್ಕ ಹಾಕಿದ್ದರು; ನರಸ್ಪಂದನಕ್ಕಾದರೋ ಸುಮಾರು ಒಂದು ಮಿಲಿಸೆಕೆಂಡ್ ಬೇಕು. ಆದ್ದರಿಂದ ಅಂಥ ಸ್ಥಿತಿಗಳ ಗೊಡವೆ ಬಿಟ್ಟು, ನರತಂತುವನ್ನು ಸುತ್ತಿರುವ ಕೊಬ್ಬಿನ ಪದರವಾದ ಮಯಲಿನ್ ಹೊದಿಕೆಯೇ ಬೆಳಕನ್ನು ಸಾಗಿಸಬಲ್ಲದು ಎಂಬ 2016ರ ಸೈದ್ಧಾಂತಿಕ ಪ್ರಸ್ತಾಪವನ್ನು ಕೈಗೆತ್ತಿಕೊಂಡೆ.

ಅದರಲ್ಲಿ ಬಳಸಿದ ವಕ್ರೀಭವನ ಸೂಚ್ಯಂಕಗಳು (ವಸ್ತುವೊಂದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ತಂತುವಿಗೆ 1.38, ಮಯಲಿನ್‌ಗೆ 1.44, ಹೊರದ್ರವಕ್ಕೆ 1.34. ದುಂಡನೆಯ ಹೊದಿಕೆಯನ್ನು ಬಿಡಿಸಿ ಚಪ್ಪಟೆ ಪದರವೆಂದು ಭಾವಿಸಿ, 600 ನ್ಯಾನೊಮೀಟರ್ ತರಂಗಾಂತರದ ಬೆಳಕು ಹೊರಗೆ ಸೋರದೆ ಅದರೊಳಗೇ ನಿಲ್ಲಲು ಕನಿಷ್ಠ ಎಷ್ಟು ದಪ್ಪ ಬೇಕೆಂದು ಪೈಥಾನ್‌ನಲ್ಲಿ ಲೆಕ್ಕ ಹಾಕಿದೆ. ಉತ್ತರ 0.27 ಮೈಕ್ರೊಮೀಟರ್ ಬಂತು. ಎರಡು ದಿನದ ಬಳಿಕ ನೋಡಿದರೆ, ಹೊರಗಿನ ಸೂಚ್ಯಂಕವನ್ನು ಗಾಳಿಯದೆಂದು 1.00 ಎಂದೇ ಬಿಟ್ಟಿದ್ದೆ. ತಿದ್ದಿದಾಗ ದಪ್ಪ 0.16ಕ್ಕೆ ಇಳಿಯಿತು. ಹೊರಗೆ ಗಾಳಿಯಿದ್ದರೆ ಬೆಳಕು ಇನ್ನೂ ಭದ್ರವಾಗಿ ನಿಲ್ಲಬೇಕಲ್ಲವೇ ಎಂದು ನಾನು ಎಣಿಸಿದ್ದೆ, ಆದರೆ ಆದದ್ದು ತಿರುಗುಮುರುಗು. ಪದರದ ಎರಡು ಬದಿಗಳು ಹೆಚ್ಚು ಅಸಮವಾದಷ್ಟೂ ತರಂಗ ಗಾಳಿಯ ಕಡೆ ಚಾಚಿಕೊಳ್ಳಲಾರದೆ ತಂತುವಿನ ಕಡೆಗೇ ವಾಲುತ್ತದೆ, ಪದರ ತೆಳುವಾದರೆ ಅಲ್ಲಿಂದಲೇ ಜಾರಿಹೋಗುತ್ತದೆ.

ಹೊದಿಕೆಯಲ್ಲಿ ಬೆಳಕು ಸಾಗುವ ಬಗೆಯನ್ನು ಮಕ್ಕಳಿಗೆ ತೋರಿಸಲೆಂದು ಸೂಪರ್ ಮಾರ್ಕೆಟ್ ಬಳಿಯ ಔಷಧದ ಅಂಗಡಿಯಿಂದ ಸಲೈನ್ ನಳಿಕೆ ತಂದು, ನೀರು ತುಂಬಿಸಿ, ಅದರ ಅಂಚಿನ ಗೋಡೆಗೆ ಲೇಸರ್ ಪಾಯಿಂಟರ್ ಹಿಡಿದೆ. ಗೋಡೆಯ ಸೂಚ್ಯಂಕ ನೀರಿಗಿಂತ ಹೆಚ್ಚಿರುವುದರಿಂದ, ಮಯಲಿನ್‌ನಲ್ಲಿರುವಂತೆ ಇಲ್ಲಿಯೂ ದಾರಿ ಒಳಗಿನ ದ್ರವವಲ್ಲ, ಸುತ್ತಲಿನ ಗೋಡೆ. ಆದರೆ ಈ ಗೋಡೆ ಬೆಳಕಿನ ತರಂಗಾಂತರಕ್ಕಿಂತ ನೂರಾರು ಪಟ್ಟು ದಪ್ಪ, ಹಾಗಾಗಿ ತೆಳುಪದರದ ಆ ವಿಚಿತ್ರ ಇದರಲ್ಲಿ ಕಾಣಲಾರದು. ಕಾಣುವುದು ಪೂರ್ಣ ಆಂತರಿಕ ಪ್ರತಿಫಲನ ಮಾತ್ರ, ಅಂದರೆ ಓರೆಯಾಗಿ ಬಿದ್ದ ಬೆಳಕು ಹೊರಹೋಗದೆ ಪೂರ್ತಿ ಒಳಕ್ಕೇ ಮರಳುವುದು. ನಳಿಕೆಯನ್ನು ಬಾಗಿಸಿ ಬಕೆಟ್ ನೀರಿನಲ್ಲಿ ಮುಳುಗಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ್, ಬಾಗಿದ ಕಡೆ ಬೆಳಕು ಸೋರ್ಲತ್ತದ" ಎಂದ. ಹೊರಗೆ ನೀರು ಬಂದೊಡನೆ, ಹೀಗೆ ಮರಳಲು ಬೇಕಾದ ಕನಿಷ್ಠ ಕೋನ, ಅಂದರೆ ಕ್ರಾಂತಿಕೋನ, ಹಿಗ್ಗಿ, ಬಾಗಿನಲ್ಲಿ ಕಿರಣಗಳು ಅದನ್ನು ಮೀರಲಾರದೆ ಹೊರಬೀಳುತ್ತಿದ್ದವು. ನೇರ ಪದರದ ನನ್ನ ಲೆಕ್ಕದಲ್ಲಿ ಬಾಗಿಗೆ ಜಾಗವೇ ಇರಲಿಲ್ಲ.

ಬೆಳಕು ಸಾಗಬಲ್ಲದು ಎಂದ ಮಾತ್ರಕ್ಕೆ ನರಕೋಶ ಅದರಿಂದ ಸಂದೇಶ ಕಳಿಸುತ್ತದೆ ಎಂದಾಗುವುದಿಲ್ಲ. ಕಳಿಸುವ ಮೂಲವೂ ಹಿಡಿಯುವ ಗ್ರಾಹಕವೂ ಬೇಕು. ಸುಮಾರು ಒಂದು ಮೈಕ್ರೊಮೀಟರ್ ಉದ್ದಕ್ಕೆ ಮಯಲಿನ್ ಇಲ್ಲದ ರಾನ್ವಿಯರ್ ಗಂಟುಗಳನ್ನು ಬೆಳಕು ಹೇಗೆ ದಾಟೀತು ಎಂಬುದನ್ನೂ ನನ್ನ ಚಪ್ಪಟೆ ಪದರ ಹೇಳಲಾರದು. ಸದ್ಯ ಪ್ರೋಗ್ರಾಮಿಗೆ ಬಾಗಿನ ತ್ರಿಜ್ಯವನ್ನು ಸೇರಿಸುತ್ತಿದ್ದೇನೆ. ಗಂಟಿನ ಸರದಿ ಅದರ ನಂತರ.