ಹಳೆ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುಂಚೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಸಪೋರ್ಟ್ ಮುಗಿಯಿತು. ಅಷ್ಟಕ್ಕೇ ಚೆನ್ನಾಗಿರುವ ಲ್ಯಾಪ್‌ಟಾಪ್ ಎಸೆಯುವುದು ನನಗಂತೂ ಒಪ್ಪಿಗೆಯಿಲ್ಲ.

ಮೊದಲು ಫೋಟೋ, ಫೈಲುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಆಮೇಲೆ ಹಾರ್ಡ್ ಡಿಸ್ಕ್ ತೆಗೆದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ಚಿಪ್ಪುಗಳಲ್ಲೇ ಫೈಲುಗಳನ್ನು ಇಡುವ ಡಿಸ್ಕ್) ಹಾಕಿ. ಕೊಳ್ಳಲು ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿದೆ. ಲ್ಯಾಪ್‌ಟಾಪ್ ನಿಧಾನವಾದರೆ ಜಾಸ್ತಿ ಜನ ಪ್ರೊಸೆಸರನ್ನು ಬೈಯುತ್ತಾರೆ. ನಿಜವಾಗಿ ತಡ ಆಗುವುದು ಹೆಚ್ಚಾಗಿ ಡಿಸ್ಕಿನಿಂದ. ತಿರುಗುವ ತಟ್ಟೆಯ ಮೇಲೆ ಪುಟ್ಟ ತಲೆಯೊಂದು ಓಡಾಡಿ ಪ್ರತಿ ಫೈಲನ್ನೂ ಹುಡುಕಬೇಕಲ್ವಾ? ಎಸ್‌ಎಸ್‌ಡಿಯಲ್ಲಿ ಅಲುಗಾಡುವ ಭಾಗವೇ ಇಲ್ಲ. ದುಡ್ಡು ಖರ್ಚು ಮಾಡುವುದಾದರೆ ಇದಕ್ಕೇ ಮಾಡಿ.

ಈಗ ಬೇರೊಂದು ಕಂಪ್ಯೂಟರಿನಲ್ಲಿ, ವಿಂಡೋಸ್ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿಕೊಳ್ಳಿ. 4 ಜಿಬಿ ರ‍್ಯಾಮ್ ಸಾಕು. 8 ಜಿಬಿ ಪೆನ್‌ಡ್ರೈವಿಗೆ ಎಚರ್ ಎಂಬ ತಂತ್ರಾಂಶದಿಂದ ಬರೆದು, ಅದರಿಂದಲೇ ನಿಮ್ಮ ಲ್ಯಾಪ್‌ಟಾಪ್ ಬೂಟ್ ಮಾಡಿ. ಇನ್‌ಸ್ಟಾಲ್ ಮಾಡುವ ಮುಂಚೆ ವೈಫೈ, ಸೌಂಡ್, ಕ್ಯಾಮೆರಾ ನೋಡಿಕೊಳ್ಳಿ. ಈ ಹೆಜ್ಜೆ ಬಿಡಲೇಬೇಡಿ.

ಕನ್ನಡಕ್ಕೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕಗಪ ವಿನ್ಯಾಸ ಆರಿಸಿ. ಕಂಪ್ಯೂಟರಿಗೆ ಕನ್ನಡ ತಂದವರಲ್ಲಿ ಮೊದಲಿಗರಾದ ಕೆ.ಪಿ. ರಾವ್ ಅವರ ಕೆಲಸದಿಂದ ಬಂದ ಈ ವಿನ್ಯಾಸ ಅಲ್ಲಿ ಮೊದಲೇ ಇರುತ್ತದೆ, ಸುಮ್ನೆ ಬೇರೆ ತಂತ್ರಾಂಶ ಹುಡುಕಬೇಡಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವರಿಗೆ ಕೈ ಬೇಗ ಕೂರುತ್ತದೆ.

ಲೆಕ್ಕಪತ್ರದ ಟ್ಯಾಲಿಯಂಥ ವಿಂಡೋಸ್ ತಂತ್ರಾಂಶವೇ ಬೇಕಾದವರು ಮಾತ್ರ ವಿಂಡೋಸ್‌ನಲ್ಲೇ ಇರಿ.