ಮೂರನೇ ಡಾಂಗಲ್

2020ರ ಯುಗಾದಿಗೆ ನಾಲ್ಕು ದಿನ ಮೊದಲು ನಾನು ಬೆಂಗಳೂರಿನಿಂದ ಊರಿಗೆ ಬಂದೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿ, ಗುಡ್ಡ ಇಳಿದರೆ ನಮ್ಮ ಮನೆ. ಹಬ್ಬ ಮುಗಿಸಿ ವಾಪಸ್ ಹೋಗುವ ಲೆಕ್ಕ ಇತ್ತು. ಹಬ್ಬದ ದಿನವೇ ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾಯಿತು. ಲ್ಯಾಪ್‌ಟಾಪ್ ಜೊತೆಯಲ್ಲೇ ಇತ್ತು, ಕೆಲಸವೂ ಇತ್ತು. ಇಂಟರ್‌ನೆಟ್ ಮಾತ್ರ ಇರಲಿಲ್ಲ.

ಲ್ಯಾಂಡ್‌ಲೈನ್ ಒಂದು ಕಾಲದಲ್ಲಿ ಇತ್ತು. ಹಿಂದಿನ ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದಾಗ ಅಪ್ಪ ಅದನ್ನು ಬಿಟ್ಟೇಬಿಟ್ಟಿದ್ದರು. ಮೊದಲ ಒಂದು ತಿಂಗಳು ಫೋನಿನ ಹಾಟ್‌ಸ್ಪಾಟ್‌ನಲ್ಲೇ ದೂಡಿದೆ. ಫೋನಿಗೆ ಸಿಗ್ನಲ್ ಸಿಗುವುದು ಅಟ್ಟದ ಕಿಟಕಿಯಲ್ಲಿ. ಕೂತು ಕೆಲಸ ಮಾಡಲು ಜಾಗ ಇರುವುದು ಕೆಳಗಿನ ಕೋಣೆಯಲ್ಲಿ. ನಡುವೆ ದಪ್ಪನೆಯ ಜಂಬಿಟ್ಟಿಗೆ ಗೋಡೆ. ಅದನ್ನು ದಾಟಿ ವೈಫೈ ಬರುತ್ತಿರಲಿಲ್ಲ. ಬೇಸಿಗೆಯ ಹಂಚಿನಡಿ ಫೋನ್ ಕಾದು ಕೆಂಡವಾಗುತ್ತಿತ್ತು. ಯಾರಿಗಾದರೂ ಮಾತಾಡಲು ಫೋನ್ ತೆಗೆದುಕೊಂಡು ಹೋದರೆ ನನ್ನ ಮೀಟಿಂಗ್ ಕಡಿದುಹೋಗುತ್ತಿತ್ತು. ಹಾಗಾಗಿ ಒಂದು ಡಾಂಗಲ್, ಅಂದರೆ ಸಿಮ್ ಹಾಕಿ ಲ್ಯಾಪ್‌ಟಾಪ್‌ಗೆ ಚುಚ್ಚುವ ಪುಟ್ಟ ಮೋಡೆಮ್, ಬೇಕು ಅಂತ ತೀರ್ಮಾನಿಸಿದೆ. ನಮ್ಮ ಕಡೆ ಇದಕ್ಕೆ ಈಗಲೂ ನೆಟ್‌ಸೆಟ್ಟರ್ ಎನ್ನುವವರಿದ್ದಾರೆ.

ಮೊದಲನೆಯದು ಮನೆಯ ಡ್ರಾಯರಿನಲ್ಲೇ ಸಿಕ್ಕಿತು. ನಾನು ಕಾಲೇಜಿನಲ್ಲಿದ್ದಾಗ ಕೊಂಡದ್ದು, 3ಜಿ ಕಾಲದ್ದು, ಮೇಲೆ 7.2 ಎಂಬಿಪಿಎಸ್ ಎಂದು ಬರೆದಿತ್ತು. ಅದರಲ್ಲಿ ಹಳೆಯ ದೊಡ್ಡ ಸಿಮ್ಮಿನ ಗೂಡು. ಈಗಿನ ನ್ಯಾನೋ ಸಿಮ್ಮನ್ನು ಅಡಾಪ್ಟರ್‌ನಲ್ಲಿ ಕೂರಿಸಿ ಹಾಕಿದೆ. ಅದು ಯಾವ ಜಾಲವನ್ನೂ ಹಿಡಿಯಲಿಲ್ಲ. ಕಾರಣ ಸರಳ. ನನ್ನದು ಜಿಯೋ ಸಿಮ್. 2016ರಲ್ಲಿ ಶುರುವಾದಾಗಿನಿಂದ ಆ ಜಾಲದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ. 3ಜಿ ಮೋಡೆಮ್‌ಗೆ ಅಲ್ಲಿ ಹಿಡಿಯಲು ಏನೂ ಇಲ್ಲ. ಉಳಿದ ಕೆಲವು ಕಂಪನಿಗಳೂ ಆ ಹೊತ್ತಿಗೆ 3ಜಿ ಮುಚ್ಚಲು ಶುರುಮಾಡಿದ್ದವು. ನಿಮ್ಮಲ್ಲೂ ಹಳೆಯದೊಂದು ಡಾಂಗಲ್ ಇದ್ದರೆ ಅದರ ಮೇಲೆ ಎಲ್‌ಟಿಇ ಅಥವಾ 4ಜಿ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಅಡಾಪ್ಟರ್ ಹುಡುಕುವ ಶ್ರಮ ಬೇಡ. ಆ ಅಡಾಪ್ಟರ್ ಒಳಗೇ ಸಿಕ್ಕಿಕೊಂಡು, ಎಳೆದಾಗ ಪಿನ್ನು ಕಿತ್ತುಬಂತು.

ಎರಡನೆಯದನ್ನು ಮೇ ತಿಂಗಳಲ್ಲಿ ಆನ್‌ಲೈನ್‌ನಲ್ಲಿ ತರಿಸಿದೆ. ಹೆಸರುವಾಸಿ ಕಂಪನಿಯದ್ದು, 4ಜಿ, ಡಬ್ಬಿಯ ಮೇಲೆ ದೊಡ್ಡದಾಗಿ 150 ಎಂಬಿಪಿಎಸ್. ಕೊರಿಯರ್‌ನವರು ಪೇಟೆಯ ತನಕ ಮಾತ್ರ ಬರುತ್ತಿದ್ದರು. ಅಣ್ಣ ಬೈಕಿನಲ್ಲಿ ಹೋಗಿ ತಂದುಕೊಟ್ಟ. ಹಾಕಿದರೆ ನೋ ಸರ್ವಿಸ್. ಅಟ್ಟದ ಕಿಟಕಿಯಲ್ಲೂ ಇಲ್ಲ, ಅಂಗಳದಲ್ಲೂ ಇಲ್ಲ. ಅದೇ ಸಿಮ್ಮನ್ನು ಫೋನಿಗೆ ಹಾಕಿದರೆ ಅದೇ ಜಾಗದಲ್ಲಿ ಎರಡು ಕಡ್ಡಿ. ಡಾಂಗಲ್ಲೇ ಕೆಟ್ಟದ್ದು ಬಂದಿದೆ ಅಂದುಕೊಂಡೆ. ವಾಪಸ್ ಕಳಿಸಲು ಪೇಟೆಗೆ ಹೋದಾಗ, ಕೊನೆಯದಾಗಿ ಒಮ್ಮೆ ನೋಡೋಣ ಅಂತ ಬಸ್ ಸ್ಟ್ಯಾಂಡಿನ ಹತ್ತಿರ ಕಾರಿನಲ್ಲಿ ಕೂತು ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ಮೂರೇ ಸೆಕೆಂಡಿಗೆ ನೆಟ್ ಬಂತು, ಜೋರಾಗಿಯೇ ಬಂತು.

ಡಾಂಗಲ್ ಸರಿಯಾಗಿಯೇ ಇತ್ತು. ನಮ್ಮ ಮನೆಗೆ ಬರುವ ಅಲೆ ಅದಕ್ಕೆ ಕೇಳುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ವಿವರ ಹೇಳಲೇಬೇಕು. ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದೇ. 4ಜಿ ಅಂದರೆ ಒಂದೇ ಅಲೆಯಲ್ಲ. ಬೇರೆ ಬೇರೆ ಕಂಪನಾಂಕದ ಪಟ್ಟಿಗಳಿವೆ, ಅವಕ್ಕೆ ಬ್ಯಾಂಡ್ ಅಂತ ಹೆಸರು, ಒಂದೊಂದಕ್ಕೂ ಒಂದು ಸಂಖ್ಯೆ. 1800 ಮೆಗಾಹರ್ಟ್ಸ್ ಬ್ಯಾಂಡ್ 3. 2300 ಬ್ಯಾಂಡ್ 40. 850 ಬ್ಯಾಂಡ್ 5. 900 ಬ್ಯಾಂಡ್ 8. 2100 ಬ್ಯಾಂಡ್ 1. ಜಿಯೋ ಬಳಸುವುದು 3, 5, 40. ಏರ್‌ಟೆಲ್‌ನಲ್ಲಿ 1, 3, 8, 40 ಸಿಗುತ್ತವೆ. ಬಿಎಸ್‌ಎನ್‌ಎಲ್ 4ಜಿಗೆ 700ರ ಬ್ಯಾಂಡ್ 28 ಮತ್ತು 2100 ಮುಖ್ಯ. ಕಂಪನಾಂಕ ಕಡಿಮೆ ಇದ್ದಷ್ಟೂ ಅಲೆ ದೂರ ಹೋಗುತ್ತದೆ, ಗುಡ್ಡದ ಅಂಚಿನಲ್ಲಿ ಬಾಗುತ್ತದೆ, ಗೋಡೆ, ಮರಗಳನ್ನು ದಾಟಿಕೊಂಡು ಬರುತ್ತದೆ. ಜಾಸ್ತಿ ಇದ್ದಷ್ಟೂ ಬೇಗ ಸೋಲುತ್ತದೆ. ಪೇಟೆಯಲ್ಲಿ 1800, 2300 ಎಲ್ಲಾ ಇರುತ್ತದೆ. ಗುಡ್ಡ ಇಳಿದು ಅಡಿಕೆ ತೋಟದ ನಡುವಿನ ನಮ್ಮ ಮನೆ ತನಕ ಬಂದು ಮುಟ್ಟುತ್ತಿದ್ದದ್ದು 850 ಒಂದೇ. ನಾನು ತರಿಸಿದ ಡಾಂಗಲ್‌ನಲ್ಲಿ ಬ್ಯಾಂಡ್ 5 ಇರಲಿಲ್ಲ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಎಲ್ಲ ಬರೆದೇ ಇತ್ತು, ಕೊಳ್ಳುವಾಗ ನಾನು ಓದಿರಲಿಲ್ಲ.

ಮಾಡೆಲ್ ಹೆಸರು ನೋಡಿ ಕೊಂಡರೂ ಸಾಲದು. ಉದಾಹರಣೆಗೆ ಹುವಾವೇ ಇ3372ಎಚ್. ತುಂಬಾ ಜನ ಬಳಸುವ ಒಳ್ಳೆಯ ಡಾಂಗಲ್. ಆದರೆ ಹೆಸರಿನ ಕೊನೆಗೆ 153 ಅಂತ ಇದ್ದರೆ ಅದು ಯುರೋಪಿನ ಬ್ಯಾಂಡ್‌ಗಳಿಗೆ ಮಾಡಿದ್ದು, ಅದರಲ್ಲಿ 40 ಇಲ್ಲ. 607 ಅಂತ ಇದ್ದರೆ 40, 28 ಎರಡೂ ಇವೆ. 5 ಮಾತ್ರ ಇವೆರಡರಲ್ಲೂ ಇಲ್ಲ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಮಾರುವವರು ಆ ಕೊನೆಯ ಸಂಖ್ಯೆ ಬರೆಯದಿದ್ದರೆ ಕೇಳಿಯೇ ಕೊಳ್ಳಬೇಕು.

ಇನ್ನು 150 ಎಂಬಿಪಿಎಸ್ ವಿಚಾರ. ಅದು ಡಾಂಗಲ್ಲಿನ ತಾಕತ್ತು, ನಮ್ಮ ಮನೆಯ ವೇಗ ಅಲ್ಲ. ಟವರಿನಲ್ಲಿ 20 ಮೆಗಾಹರ್ಟ್ಸ್ ಅಗಲದ ದಾರಿ ಇದ್ದರೆ ಆ ಲೆಕ್ಕ. 5 ಮೆಗಾಹರ್ಟ್ಸ್ ಮಾತ್ರ ಇದ್ದರೆ ಅದರ ಕಾಲುಭಾಗ. ಅದನ್ನೂ ಆ ಟವರಿನ ಕೆಳಗಿನ ಎಲ್ಲಾ ಊರಿನವರು ಹಂಚಿಕೊಳ್ಳಬೇಕು. 300 ಎಂಬಿಪಿಎಸ್‌ನ ಡಾಂಗಲ್‌ಗೆ ಹೆಚ್ಚು ದುಡ್ಡು ಕೊಟ್ಟಿದ್ದರೂ ನಮ್ಮಲ್ಲಿ ಏನೂ ಬದಲಾಗುತ್ತಿರಲಿಲ್ಲ.

ಹಾಗಾಗಿ ಮೂರನೆಯದನ್ನು ಕೊಳ್ಳುವ ಮೊದಲು ಫೋನ್ ಹಿಡಿದುಕೊಂಡು ಮನೆ ಸುತ್ತಿದೆ. ನೆಟ್‌ಮಾನ್‌ಸ್ಟರ್ ಅಂತ ಒಂದು ಆ್ಯಪ್ ಇದೆ, ಯಾವ ಬ್ಯಾಂಡ್ ಬರುತ್ತಿದೆ ಅಂತ ನೇರವಾಗಿ ತೋರಿಸುತ್ತದೆ. ಬೇರೆ ಆ್ಯಪ್‌ನಲ್ಲಿ ಬ್ಯಾಂಡ್ ಬದಲು ಇಎಆರ್‌ಎಫ್‌ಸಿಎನ್ ಎಂಬ ಸಂಖ್ಯೆ ಕಾಣಬಹುದು. ಅದು 1200ರಿಂದ 1949ರ ಒಳಗಿದ್ದರೆ ಬ್ಯಾಂಡ್ 3, 2400ರಿಂದ 2649ರ ಒಳಗಿದ್ದರೆ ಬ್ಯಾಂಡ್ 5, 38650ರಿಂದ 39649ರ ಒಳಗಿದ್ದರೆ ಬ್ಯಾಂಡ್ 40. ಜಗಲಿ, ಅಟ್ಟ, ಕೊಟ್ಟಿಗೆ, ಬಾವಿಕಟ್ಟೆ ಎಲ್ಲಾ ಕಡೆ ನಿಂತು ಬರೆದುಕೊಂಡೆ. ಅಮ್ಮ ನೋಡಿ, "ಆ ಹಲಸಿನ ಮರದ ಹತ್ರ ನಿಂತ್ರೆ ನಿನ್ನ ಅಪ್ಪಂಗೆ ಫೋನ್ ಚೆನ್ನಾಗಿ ಕೇಳ್ತದೆ, ಅಲ್ಲಿ ನೋಡು ಮಾರಾಯ್ತಿ" ಅಂದರು. ಅವರು ಹೇಳಿದ್ದು ಸರಿ. ಮನೆಯ ಸುತ್ತ ಎಲ್ಲಕ್ಕಿಂತ ಒಳ್ಳೆಯ ಜಾಗ ಅದೇ. ಮನೆಯಲ್ಲೇ ಇರುವವರಿಗೆ ಇದೆಲ್ಲ ಗೊತ್ತಿರುತ್ತದೆ, ಮೊದಲು ಅವರನ್ನು ಕೇಳಬೇಕು.

ಬೇರೆ ಕಂಪನಿಗಳ ಸಿಮ್ಮನ್ನೂ ಪಕ್ಕದ ಮನೆಯವರಿಂದ ಪಡೆದು ನೋಡಿದೆ. ನಮ್ಮಲ್ಲಿ ಬೇರೆ ಯಾವುದೂ ಕೆಲಸಕ್ಕೆ ಆಗುವಷ್ಟು ಬರಲಿಲ್ಲ. ಬ್ಯಾಂಡ್ 5 ಇರುವ ಡಾಂಗಲ್ಲೇ ಬೇಕು ಅಂತ ಗಟ್ಟಿಯಾಯಿತು. ಡಬ್ಬಿಯ ಮೇಲೆ 3, 5, 40 ಮೂರೂ ಇರುವ, ಯಾವ ಕಂಪನಿಗೂ ಲಾಕ್ ಆಗಿರದ ಒಂದನ್ನು ಹುಡುಕಿ ತರಿಸಿದೆ. ಬ್ಯಾಟರಿ ಇರುವ ವೈಫೈ ಹಾಟ್‌ಸ್ಪಾಟ್ ಕೂಡ ಆಗುತ್ತಿತ್ತು. ಆದರೆ ಹಗಲಿಡೀ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಊದಿಕೊಳ್ಳುವ ಭಯ ನನಗೆ. ಯುಎಸ್‌ಬಿ ಡಾಂಗಲ್‌ಗೆ ಆ ತೊಂದರೆ ಇಲ್ಲ. ಕರೆಂಟ್ ಹೋದರೂ ಲ್ಯಾಪ್‌ಟಾಪ್ ಇರುವ ತನಕ ಅದೂ ನಡೆಯುತ್ತದೆ. ಮಲೆನಾಡಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಡಾಂಗಲ್‌ಗಳಲ್ಲಿ ಎರಡು ಜಾತಿ ಇವೆ. ಒಂದು ತಾನೇ ಒಂದು ಪುಟ್ಟ ರೂಟರ್ ಥರ. ಚುಚ್ಚಿದರೆ ಕಂಪ್ಯೂಟರ್ ಅದನ್ನು ನೆಟ್‌ವರ್ಕ್ ಕಾರ್ಡ್ ಅಂತ ತಿಳಿಯುತ್ತದೆ, ಬ್ರೌಸರ್‌ನಲ್ಲಿ ಒಂದು ಪುಟ ತೆರೆದರೆ ಸಿಗ್ನಲ್, ಎಸ್ಎಂಎಸ್ ಎಲ್ಲಾ ಕಾಣುತ್ತದೆ. ಹುವಾವೇಯವರು ಇದನ್ನು ಹೈಲಿಂಕ್ ಅನ್ನುತ್ತಾರೆ, ಅವರ ಡಾಂಗಲ್‌ಗಳಲ್ಲಿ ಆ ಪುಟ 192.168.8.1. ಇನ್ನೊಂದು ಹಳೆಯ ಕ್ರಮದ್ದು. ಕಂಪ್ಯೂಟರಿನಿಂದಲೇ ಡಯಲ್ ಮಾಡಬೇಕು, ಎಪಿಎನ್, ಅಂದರೆ ಕಂಪನಿಯ ಡೇಟಾ ಜಾಲದ ಹೆಸರು, ಬರೆಯಬೇಕು. ಮನೆಬಳಕೆಗೆ ಮೊದಲನೆಯದೇ ಸುಲಭ. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಬದಲು ಉಬುಂಟು ಎಂಬ ಲಿನಕ್ಸ್ ಇದೆ. ಕೆಲವು ಡಾಂಗಲ್‌ಗಳು ಚುಚ್ಚಿದ ಕೂಡಲೇ ತಾವು ಸಿಡಿ ಡ್ರೈವ್ ಅಂತ ಹೇಳಿಕೊಳ್ಳುತ್ತವೆ, ಒಳಗೆ ವಿಂಡೋಸ್‌ನ ಡ್ರೈವರ್ ಇರುತ್ತದೆ ಅಷ್ಟೇ. ಲಿನಕ್ಸ್‌ನಲ್ಲಿ ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಪ್ಯಾಕೇಜ್ ಅವನ್ನು ಮೋಡೆಮ್ ಆಗಿ ತಿರುಗಿಸುತ್ತದೆ. ಅದು ಇದ್ದದ್ದರಿಂದ ನನಗೆ ಕಷ್ಟವಾಗಲಿಲ್ಲ.

ಕಷ್ಟ ಆದದ್ದು ಡಾಂಗಲ್ಲನ್ನು ಎಲ್ಲಿಡುವುದು ಅಂತ. ಲ್ಯಾಪ್‌ಟಾಪ್ ಕೋಣೆಯಲ್ಲಿ, ಸಿಗ್ನಲ್ ಅಟ್ಟದಲ್ಲಿ. ಹೊರಗೆ ಆಂಟೆನಾ ಹಾಕಿ ತಂತಿ ಎಳೆಯಿರಿ ಅಂತ ಕೆಲವರು ಹೇಳಿದರು. ಆದರೆ ಈ ಡಾಂಗಲ್‌ಗಳಿಗೆ ಬರುವ ಸಪೂರ ಆಂಟೆನಾ ತಂತಿಯಲ್ಲಿ ಮೀಟರಿಗೆ ಹತ್ತಿರಹತ್ತಿರ ಒಂದು ಡೆಸಿಬಲ್ ಸೋರಿಹೋಗುತ್ತದೆ. ಮೂರು ಡೆಸಿಬಲ್ ಹೋದರೆ ಅರ್ಧ ಶಕ್ತಿಯೇ ಹೋಯಿತು. ಅದರ ಬದಲು ಡಾಂಗಲ್ಲನ್ನೇ ಸಿಗ್ನಲ್ ಇರುವಲ್ಲಿಗೆ ಕಳಿಸಿದೆ, ಯುಎಸ್‌ಬಿ ತಂತಿಯನ್ನು ಕೆಳಗೆ ಇಳಿಸಿದೆ. ಯುಎಸ್‌ಬಿ 2.0ರಲ್ಲಿ ತಂತಿ 5 ಮೀಟರ್ ದಾಟಬಾರದು. ಮೊದಲು ತಂದ ಅಗ್ಗದ ತಂತಿಯಲ್ಲಿ ಡಾಂಗಲ್ ಪದೇ ಪದೇ ಆರಿ ಹತ್ತುತ್ತಿತ್ತು. ಸಿಗ್ನಲ್ ಕಡಿಮೆ ಇರುವಲ್ಲಿ ಡಾಂಗಲ್ ಜೋರಾಗಿ ಕೂಗಬೇಕು, ಆಗ ಕರೆಂಟ್ ಜಾಸ್ತಿ ಎಳೆಯುತ್ತದೆ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿ ಆಂಪಿಯರ್. ಸಪೂರ ತಂತಿಯಲ್ಲಿ ವೋಲ್ಟೇಜ್ ಬಿದ್ದು ಡಾಂಗಲ್ ಸೋಲುತ್ತದೆ. ಮೂರು ಮೀಟರಿನ ದಪ್ಪ ತಂತಿ, ನಡುವೆ ಬೇರೆ ಅಡಾಪ್ಟರ್‌ನಿಂದ ಕರೆಂಟ್ ಪಡೆಯುವ ಹಬ್ ಹಾಕಿದ ಮೇಲೆ ಆ ಕಾಟ ನಿಂತಿತು. ಕರೆಂಟ್ ಹೋದಾಗ ಮಾತ್ರ ಹಬ್ ಬಿಟ್ಟು, ಲ್ಯಾಪ್‌ಟಾಪ್ ಹಿಡಿದುಕೊಂಡು ಅಟ್ಟಕ್ಕೇ ಹತ್ತುತ್ತೇನೆ.

ಅಟ್ಟದಲ್ಲಿ ಎರಡು ಕಿಟಕಿ. ಪೂರ್ವದ ಕಿಟಕಿಯಲ್ಲಿ ಡಾಂಗಲ್ಲಿನ ಪುಟ ತೋರಿಸಿದ ಸಿಗ್ನಲ್ ಮೈನಸ್ 101, ಪಶ್ಚಿಮದಲ್ಲಿ ಮೈನಸ್ 106. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು, ಹಾಗಾಗಿ ಪೂರ್ವದಲ್ಲಿ ಕಟ್ಟಿದೆ. ವೇಗ ಎರಡು ಎಂಬಿಪಿಎಸ್ ದಾಟಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಎಸ್‌ಐಎನ್‌ಆರ್ ಎಂಬ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಮೊದಲನೆಯದು ಸದ್ದು ಎಷ್ಟು ಜೋರು ಅಂತ ಹೇಳುತ್ತದೆ, ಇದು ಗದ್ದಲದ ನಡುವೆ ಮಾತು ಎಷ್ಟು ಸ್ಪಷ್ಟ ಅಂತ ಹೇಳುತ್ತದೆ. ಪೂರ್ವದಲ್ಲಿ ಎರಡು ಟವರ್ ಒಂದೇ ಸಮನಾಗಿ ಕೇಳುತ್ತಿದ್ದವು, ಹಾಗಾಗಿ ಸ್ಪಷ್ಟತೆ ಬರೀ 3. ಪಶ್ಚಿಮದಲ್ಲಿ ಒಂದೇ ಟವರ್, 11. ಅತ್ತ ಕಟ್ಟಿದ ದಿನ ಬೆಳಗ್ಗೆ ಎಂಟು ಎಂಬಿಪಿಎಸ್ ಬಂತು. ಸಂಜೆ ಮಕ್ಕಳ ಆನ್‌ಲೈನ್ ಪಾಠದ ಹೊತ್ತಿಗೆ ಮೂರಕ್ಕೆ ಇಳಿಯುತ್ತಿತ್ತು, ಆದರೂ ಮೀಟಿಂಗ್ ಕಡಿಯಲಿಲ್ಲ. ಈಗ ಯಾರೇ ಕೇಳಿದರೂ ಬರೀ ಕಡ್ಡಿ ನೋಡಬೇಡಿ, ಎಸ್‌ಐಎನ್‌ಆರ್ ನೋಡಿ ಅನ್ನುತ್ತೇನೆ. ಹತ್ತರ ಮೇಲೆ ಇದ್ದರೆ ನೆಮ್ಮದಿ.

ಹಂಚಿನ ಹತ್ತಿರ ತಾಗಿಸಿ ಕಟ್ಟಬೇಡಿ, ಏಪ್ರಿಲ್ ಬಿಸಿಲಿಗೆ ಡಾಂಗಲ್ ಕಾದು ತಾನೇ ಆಫ್ ಆಗುತ್ತದೆ. ಮತ್ತೊಂದು, ಮುಂಗಾರಿಗೆ ಮೊದಲಿನ ಸಂಜೆಗಳಲ್ಲಿ ಗುಡುಗು ಶುರುವಾದ ಕೂಡಲೇ ತಂತಿಯನ್ನು ಲ್ಯಾಪ್‌ಟಾಪ್‌ನಿಂದ ಕಿತ್ತುಬಿಡಿ. ನಮ್ಮ ಕಡೆ ಸಿಡಿಲಿಗೆ ಟಿವಿ ಕಳೆದುಕೊಳ್ಳದ ಮನೆ ಕಡಿಮೆ.

ಹೋದ ವರ್ಷ ಮೇಲಿನ ಮನೆಯ ಅಣ್ಣ ಬಂದರು. ಅಡಿಕೆ ಒಣಹಾಕುವ ಅಂಗಳಕ್ಕೆ ಕ್ಯಾಮೆರಾ ಹಾಕಬೇಕು, ನಿನ್ನದೇ ಥರದ ಡಾಂಗಲ್ ತರಿಸಿಕೊಡು ಅಂದರು. ಕ್ಯಾಮೆರಾಕ್ಕೆ ಹೊರಗಿನಿಂದ ನೇರವಾಗಿ ಹೊಕ್ಕು ನೋಡುವುದು ಮೊಬೈಲ್ ನೆಟ್‌ನಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಒಂದೇ ಹೊರವಿಳಾಸವನ್ನು ಕಂಪನಿ ಸಾವಿರಾರು ಜನರಿಗೆ ಹಂಚಿರುತ್ತದೆ, ನಮಗೆ ಸಿಗುವುದು 10 ಅಥವಾ 100.64ರಂಥ ಸಂಖ್ಯೆಯಿಂದ ಶುರುವಾಗುವ ಒಳವಿಳಾಸ. ಹಾಗಾಗಿ ಅವರಿಗೆ ತನ್ನದೇ ಆ್ಯಪ್ ಮೂಲಕ ಕೆಲಸ ಮಾಡುವ ಕ್ಯಾಮೆರಾ ತೆಗೆದುಕೊಳ್ಳಲು ಹೇಳಿದೆ. ಡಾಂಗಲ್‌ಗೆ ಮೊದಲು ಅವರ ಅಂಗಳಕ್ಕೆ ಫೋನ್ ಹಿಡಿದುಕೊಂಡು ಹೋದೆ. ನಮ್ಮ ಮನೆಯಿಂದ ಅರ್ಧ ಕಿಲೋಮೀಟರ್ ಕೂಡ ಇಲ್ಲ, ಆದರೆ ಅವರದ್ದು ಗುಡ್ಡದ ನೆತ್ತಿ. ಅಲ್ಲಿ ಬ್ಯಾಂಡ್ 3 ಚೆನ್ನಾಗಿ ಬರುತ್ತಿತ್ತು, ಎಸ್‌ಐಎನ್‌ಆರ್ 17. ನನ್ನ ಎರಡನೇ ಡಾಂಗಲ್ ಕಪಾಟಿನಲ್ಲೇ ಇತ್ತು, ವಾಪಸ್ ಕಳಿಸಿರಲಿಲ್ಲ. ಅದನ್ನೇ ಅವರಿಗೆ ಕೊಟ್ಟೆ. ಈಗಲೂ ಅಲ್ಲಿ ಓಡುತ್ತಿದೆ.