ಮೈಕ್ರೋಸ್ಕೋಪ್ ನಡೆಸುವ ಕಂಪ್ಯೂಟರ್‌ಗೆ ಹೊಸ ಸಾಫ್ಟ್‌ವೇರ್ ಹಾಕುವುದು ಹೇಗೆ?

ಲ್ಯಾಬ್‌ನ ದೊಡ್ಡ ಮೈಕ್ರೋಸ್ಕೋಪ್ ಪಕ್ಕದಲ್ಲಿರುವ ಕಂಪ್ಯೂಟರ್ ನೋಡಲು ಮಾಮೂಲಿ ವಿಂಡೋಸ್ ಪಿಸಿಯಂತೆಯೇ ಇರುತ್ತದೆ. ಆದರೆ ಸ್ಟೇಜ್ (ಸ್ಲೈಡ್ ಇಡುವ ತಟ್ಟೆ) ಸರಿಸುವುದು, ಫೋಕಸ್ ಹಿಡಿಯುವುದು, ಲೇಸರ್ ಹಚ್ಚುವುದು, ಕ್ಯಾಮೆರಾದಿಂದ ಚಿತ್ರ ತರುವುದು ಎಲ್ಲ ಅದರದೇ ಕೆಲಸ. ಝೈಸ್‌ನ ಝೆನ್, ನಿಕಾನ್‌ನ ಎನ್‌ಐಎಸ್ ಎಲಿಮೆಂಟ್ಸ್, ಲೈಕಾದ ಲಾಸ್ ಎಕ್ಸ್‌ನಂಥ ಸಾಫ್ಟ್‌ವೇರ್‌ಗಳನ್ನು ಕಂಪನಿಯ ಎಂಜಿನಿಯರ್ ಬಂದು, ಅದಕ್ಕೆ ತಕ್ಕ ಡ್ರೈವರ್‌ಗಳ (ಉಪಕರಣಗಳನ್ನು ವಿಂಡೋಸ್‌ಗೆ ಬೆಸೆಯುವ ಪುಟ್ಟ ಸಾಫ್ಟ್‌ವೇರ್) ಜೊತೆ ಹೊಂದಿಸಿ ಹೋಗಿರುತ್ತಾರೆ. ಒಂದು ಡ್ರೈವರ್ ಬದಲಾದರೂ ಕ್ಯಾಮೆರಾ ಕಾಣದೇ ಹೋಗಬಹುದು. ಆಮೇಲೆ ಎಂಜಿನಿಯರ್ ಬರುವವರೆಗೂ ಎಲ್ಲರ ಕೆಲಸ ನಿಂತಂತೆ. ವಾರಗಟ್ಟಲೆ ಬೆಳೆಸಿದ ಜೀವಕೋಶಗಳು ಅಲ್ಲಿಯವರೆಗೆ ಕಾಯುವುದಿಲ್ಲ.

ಹಾಗಾಗಿ ಮೊದಲ ಪ್ರಶ್ನೆ: ಈ ಸಾಫ್ಟ್‌ವೇರ್ ಇಲ್ಲೇ ಬೇಕಾ? ಚಿತ್ರಗಳನ್ನು ಅಳೆಯಲು, ಎಣಿಸಲು ಬೇಕಿದ್ದರೆ ಖಂಡಿತ ಬೇಡ. ಚಿತ್ರ ವಿಶ್ಲೇಷಿಸುವ ಉಚಿತ ಸಾಫ್ಟ್‌ವೇರ್ ಫಿಜಿಯನ್ನು ನಿಮ್ಮ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಿ. ಅದರಲ್ಲಿರುವ ಬಯೋ-ಫಾರ್ಮ್ಯಾಟ್ಸ್ ಪ್ಲಗಿನ್ ಮೇಲಿನ ಮೂರೂ ಕಂಪನಿಗಳ ಫೈಲ್‌ಗಳನ್ನು ತೆರೆಯುತ್ತದೆ. ಚಿತ್ರದಲ್ಲಿ ಜೀವಕೋಶಗಳನ್ನು ಗುರುತಿಸುವ ಸೆಲ್‌ಪೋಸ್‌ನಂಥ ಎಐ ಸಾಫ್ಟ್‌ವೇರ್ ಅಂತೂ ದೂರವೇ ಇರಲಿ. ಅದರ ವೇಗಕ್ಕಾಗಿ ಗ್ರಾಫಿಕ್ಸ್ ಡ್ರೈವರ್ ಬದಲಿಸಲು ಹೋದರೆ ಮೂಲ ಸಾಫ್ಟ್‌ವೇರ್ ಕೈಕೊಡಬಹುದು.

ತೆಗೆದ ಚಿತ್ರವನ್ನು ಅಲ್ಲೇ ಒಮ್ಮೆ ನೋಡಬೇಕು ಅಂದರೆ ಫಿಜಿಗೆ ಅಡ್ಡಿಯಿಲ್ಲ. ಅದಕ್ಕೆ ಇನ್‌ಸ್ಟಾಲರ್ ಬೇಕಿಲ್ಲ, ಅದು ಓಡಲು ಬೇಕಾದ ಜಾವಾ ಕೂಡ ಅದರೊಳಗೇ ಇದೆ. ಜಿಪ್ ಬಿಚ್ಚಿ ನಿಮ್ಮ ಯೂಸರ್ ಫೋಲ್ಡರ್‌ನಲ್ಲಿ ಇಟ್ಟರೆ ಸಾಕು. ‘ಪ್ರೋಗ್ರಾಂ ಫೈಲ್ಸ್’ ಒಳಗೆ ಮಾತ್ರ ಇಡಬೇಡಿ, ಅಪ್‌ಡೇಟ್ ಮಾಡುವಾಗ ಬರೆಯಲು ವಿಂಡೋಸ್ ಅನುಮತಿ ಕೊಡುವುದಿಲ್ಲ.

ಮೈಕ್ರೋಸ್ಕೋಪನ್ನೇ ನಡೆಸುವ ಸಾಫ್ಟ್‌ವೇರ್ ಬೇಕಿದ್ದರೆ ಅದು ಬೇರೆ ಮಾತು. ಇದಕ್ಕೆ ಜಾಸ್ತಿ ಬಳಕೆಯಲ್ಲಿರುವುದು ಮೈಕ್ರೋ-ಮ್ಯಾನೇಜರ್. 2005ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕ್ಯಾಂಪಸ್‌ನಲ್ಲಿ, ರಾನ್ ವೇಲ್ ಅವರ ಲ್ಯಾಬ್‌ನಲ್ಲಿ ಹುಟ್ಟಿದ ಮುಕ್ತ ಸಾಫ್ಟ್‌ವೇರ್ ಇದು. ಬೇರೆ ಬೇರೆ ಕಂಪನಿಗಳ ಕ್ಯಾಮೆರಾ, ಸ್ಟೇಜ್, ಶಟರ್‌ಗಳನ್ನು ಒಟ್ಟಿಗೆ ದುಡಿಸುತ್ತದೆ. ದುಬಾರಿ ಲೈಸೆನ್ಸ್ ಕೊಳ್ಳಲಾಗದ ಲ್ಯಾಬ್‌ಗಳಿಗೆ ಇದು ದೊಡ್ಡ ಆಸರೆ.

ಶುರು ಮಾಡುವ ಮುನ್ನ ಯಂತ್ರದ ಹೊಣೆ ಹೊತ್ತವರ ಒಪ್ಪಿಗೆ ಪಡೆಯಿರಿ. ಸರ್ವಿಸ್ ಒಪ್ಪಂದ ಇದ್ದರೆ ಕಂಪನಿಗೂ ಒಂದು ಇಮೇಲ್ ಹಾಕಿ.

ಮುಂದಿನ ಕೆಲಸ ಬ್ಯಾಕಪ್. ಇದನ್ನು ಯಾವ ಕಾರಣಕ್ಕೂ ಬಿಡಬೇಡಿ. ವಿಂಡೋಸ್‌ನ ರಿಸ್ಟೋರ್ ಪಾಯಿಂಟ್ ಒಂದನ್ನೇ ನಂಬಿ ಕೂರುವಂತಿಲ್ಲ. ಉಚಿತವಾಗಿ ಸಿಗುವ ಕ್ಲೋನ್‌ಜಿಲ್ಲಾವನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಸಿ ಡ್ರೈವ್ ಇರುವ ಇಡೀ ಡಿಸ್ಕ್‌ನ ಪ್ರತಿಯನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ತೆಗೆದಿಡಿ. ಡಿವೈಸ್ ಮ್ಯಾನೇಜರ್ ತೆರೆದು ಪ್ರತಿ ಉಪಕರಣದ ಡ್ರೈವರ್ ವರ್ಷನ್ ಮತ್ತು ಕಾಮ್ ಪೋರ್ಟ್ (ಉಪಕರಣ ಕಂಪ್ಯೂಟರ್ ಜೊತೆ ಮಾತಾಡುವ ದಾರಿ) ಸಂಖ್ಯೆಯ ಫೋಟೋ ತೆಗೆದುಕೊಳ್ಳಿ. ಏನಾದರೂ ಕೆಟ್ಟರೆ ಎಂಜಿನಿಯರ್ ಮೊದಲು ಕೇಳುವುದು ಇದನ್ನೇ.

ವಿಂಡೋಸ್ ಯಾವುದು ಅಂತಲೂ ನೋಡಿ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಹಳೆಯ ಮೈಕ್ರೋಸ್ಕೋಪ್‌ಗಳು ಇನ್ನೂ ಅವುಗಳ ಮೇಲೇ ಓಡುತ್ತಿರುತ್ತವೆ. ಹೊಸ ಸಾಫ್ಟ್‌ವೇರ್ ಹಿಡಿಸಲೆಂದು ವಿಂಡೋಸನ್ನೇ ಬದಲಿಸಬೇಡಿ. ಇಂಥ ಕಂಪ್ಯೂಟರ್‌ಗೆ ಇಂಟರ್‌ನೆಟ್ ಕೊಡದಿರುವುದೇ ಒಳ್ಳೆಯದು. ಇನ್‌ಸ್ಟಾಲರನ್ನು ಬೇರೆ ಕಡೆ ಡೌನ್‌ಲೋಡ್ ಮಾಡಿ, ವೈರಸ್ ಸ್ಕ್ಯಾನ್ ಮಾಡಿ, ಹೊಸದಾಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಲ್ಲಿ ತನ್ನಿ.

ಇನ್ನು ಇನ್‌ಸ್ಟಾಲ್ ಮಾಡುವುದು. ನಿಮ್ಮ ಕ್ಯಾಮೆರಾಗೆ ಯಾವ ಡ್ರೈವರ್ ಬೇಕೆಂದು ಮೈಕ್ರೋ-ಮ್ಯಾನೇಜರ್ ಜಾಲತಾಣದ ಆ ಉಪಕರಣದ ಪುಟದಲ್ಲಿ ಮೊದಲೇ ಓದಿಕೊಳ್ಳಿ. ಸಾಫ್ಟ್‌ವೇರ್ 64 ಬಿಟ್ ಆದರೆ ಡ್ರೈವರ್ ಲೈಬ್ರರಿಯೂ 64 ಬಿಟ್ ಆಗಿರಬೇಕು. ಈಗಿರುವ ಡ್ರೈವರ್ ಸಾಕಾಗುತ್ತದೆ ಅಂದರೆ ಅದನ್ನು ಮುಟ್ಟಲೇಬೇಡಿ. ಕಂಪನಿಯ ಸಾಫ್ಟ್‌ವೇರನ್ನು ಪೂರ್ತಿ ಮುಚ್ಚಿ, ಏಕೆಂದರೆ ಒಂದು ಕಾಮ್ ಪೋರ್ಟನ್ನು ಒಂದೇ ಹೊತ್ತಿಗೆ ಎರಡು ಪ್ರೋಗ್ರಾಂಗಳು ಹಿಡಿಯಲಾಗದು.

ಮೊದಲ ಸಲ, ನಿಜವಾದ ಉಪಕರಣ ಬೇಡದ ‘ಡೆಮೊ’ ಕಾನ್ಫಿಗರೇಶನ್‌ನಲ್ಲೇ ತೆರೆಯಿರಿ. ಅದು ಓಡಿದರೆ ಹಾರ್ಡ್‌ವೇರ್ ಕಾನ್ಫಿಗರೇಶನ್ ವಿಝಾರ್ಡ್‌ಗೆ ಹೋಗಿ ಉಪಕರಣಗಳನ್ನು ಒಂದೊಂದಾಗಿ ಸೇರಿಸಿ. ಕ್ಯಾಮೆರಾ ಸೇರಿಸಿ, ಉಳಿಸಿ, ಪರೀಕ್ಷಿಸಿ, ಆಮೇಲೆ ಸ್ಟೇಜ್. ಎಲ್ಲವನ್ನೂ ಒಮ್ಮೆಲೇ ಸೇರಿಸಿದರೆ ತಪ್ಪು ಎಲ್ಲಿದೆ ಅಂತ ಹುಡುಕುವುದು ಕಷ್ಟ.

ಫೋಕಸ್ ಮೋಟರನ್ನು ಮೊದಲ ಬಾರಿ ಓಡಿಸುವಾಗ ಸ್ಲೈಡ್ ತೆಗೆದಿಡಿ, ಆಬ್ಜೆಕ್ಟಿವ್ ಲೆನ್ಸನ್ನು ಸ್ಟೇಜ್‌ನಿಂದ ದೂರ ಸರಿಸಿ. ಹೊಸ ಸೆಟ್ಟಿಂಗ್‌ನಲ್ಲಿ ಮೇಲೆ-ಕೆಳಗೆ ತಿರುವುಮುರುವು ಆಗಿರಬಹುದು. ಹತ್ತು ಮೈಕ್ರಾನ್‌ನಷ್ಟು ಸಣ್ಣ ಹೆಜ್ಜೆ ಇಟ್ಟು ದಿಕ್ಕು ನೋಡಿಕೊಳ್ಳಿ. ಲೇಸರ್ ಇದ್ದರೆ ಅದರ ಸುರಕ್ಷತಾ ಇಂಟರ್‌ಲಾಕ್‌ಗೆ (ಮುಚ್ಚಳ ತೆರೆದರೆ ಲೇಸರ್ ತಡೆಯುವ ವ್ಯವಸ್ಥೆ) ಕೈ ಹಾಕಬೇಡಿ.

ಕೆಲಸ ಅರ್ಧ ಆಗಿದೆ ಅಷ್ಟೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಕಂಪನಿಯ ಸಾಫ್ಟ್‌ವೇರ್ ತೆರೆದು, ಪ್ರತಿ ಆಬ್ಜೆಕ್ಟಿವ್, ಫಿಲ್ಟರ್, ಲೇಸರ್ ಮೊದಲಿನಂತೆ ಓಡುತ್ತವೆಯೇ ನೋಡಿ. ಆಮೇಲೆ ವೇಗದ ಪರೀಕ್ಷೆ. 2048×2048 ಪಿಕ್ಸೆಲ್‌ನ 16 ಬಿಟ್ ಚಿತ್ರ ಒಂದಕ್ಕೆ ಸುಮಾರು 8.4 ಎಂಬಿ. ಸೆಕೆಂಡಿಗೆ 100 ಚಿತ್ರ ತೆಗೆದರೆ ಸುಮಾರು 840 ಎಂಬಿ ಡಿಸ್ಕ್‌ಗೆ ಹರಿಯುತ್ತದೆ. ಹಿಂದೆ ಕೂತ ಅಪ್‌ಡೇಟರ್, ಕ್ಲೌಡ್ ಸಿಂಕ್ ಅಥವಾ ವೈರಸ್ ಸ್ಕ್ಯಾನ್ ಸುಮ್ನೆ ಒಂದು ಕ್ಷಣ ಡಿಸ್ಕ್ ಹಿಡಿದರೂ ನಡುವಿನ ಚಿತ್ರಗಳು ತಪ್ಪಿಹೋಗಬಹುದು. ಹೊಸ ಸಾಫ್ಟ್‌ವೇರ್ ತಾನಾಗಿ ಶುರುವಾಗುವುದನ್ನೂ ಅಪ್‌ಡೇಟ್ ಆಗುವುದನ್ನೂ ನಿಲ್ಲಿಸಿ. ಸ್ಲೀಪ್ ಆಯ್ಕೆ ಆಫ್ ಇದೆಯೇ ನೋಡಿ, ಸ್ಯಾಂಪಲ್ ಇಲ್ಲದೇ ರಾತ್ರಿಯಿಡೀ ಒಂದು ಟೈಮ್‌ಲ್ಯಾಪ್ಸ್ ಓಡಿಸಿ. ಬೆಳಗ್ಗೆ ಚಿತ್ರಗಳ ಸಂಖ್ಯೆ ಸರಿಯಿದ್ದರೆ ಮೈಕ್ರೋಸ್ಕೋಪ್ ಪಕ್ಕದ ಲಾಗ್‌ಬುಕ್‌ನಲ್ಲಿ ಸಾಫ್ಟ್‌ವೇರ್ ಹೆಸರು, ವರ್ಷನ್, ದಿನಾಂಕ, ಹಾಕಿದವರ ಹೆಸರು ಬರೆದು, ಬುಕಿಂಗ್ ಮತ್ತೆ ತೆರೆಯಿರಿ.